ನೀಲಿ ದಾರದ ಕೀಲಿ

ಇವತ್ತು ಮುಂಜಾನೆ ಬಾಗಿಲ ಕಿರುಗುಟ್ಟುವಿಕೆ ತಾಳಲಾರದೆ ಹೊಲಿಗೆ ಮಷೀನಿನ ಎಣ್ಣೆ ಶೀಸೆ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾಳಿಗೆಯ ಮೇಲೆ ಬಾಡಿಗೆಗಿದ್ದವಳು ಕಣ್ಣ ಮುಂದೆ ಬಂದು ನಿಂತಳು. ಇತ್ತೀಚೆಗಷ್ಟೇ ಫೋನಿನಲ್ಲಿ ಬರೆಯಲು ಕಲಿತಿದ್ದೇನೆ. ಒಂದೇ ಬೆರಳು ಓಡುತ್ತದೆ, ಅದೂ ಕುಂಟುತ್ತ...

ಅವಳು ಔರಾದ ಕಡೆಯವಳು. ಮೈಲೂರಿನ ನಮ್ಮ ಮನೆಗೆ ಒಂದು ಪೆಟ್ಟಿಗೆ, ಒಂದು ಹಾಸಿಗೆ ತಂದಿದ್ದಳು. ಬೀದರಿನ ಒಂದು ದವಾಖಾನೆಯಲ್ಲಿ ಕೆಲಸ. ಕಂಪ್ಯೂಟರಿನೊಳಗಿರುವ ರೋಗಿಗಳ ದಾಖಲೆಗಳನ್ನೆಲ್ಲ ಕಾಯುವವಳು. ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಅಂತ ಹೇಳಿದ್ದಳು. ನನ್ನ ಬಾಯಿಗೆ ಅದು ಹತ್ತಲಿಲ್ಲ. ಓಣಿಯವರಿಗೆಲ್ಲ ‘ದವಾಖಾನಿ ಕಾಗದ ಕಾಯೋ ಹೆಣ್ಮಗಳು’ ಅಂದುಬಿಟ್ಟೆ.

ಬಂದ ದಿನವೇ ತನ್ನ ಕೋಣೆಯ ಎರಡನೇ ಕೀಲಿಗೆ ನೀಲಿ ದಾರ ಕಟ್ಟಿ ನನ್ನ ಕೈಗಿಟ್ಟಳು. ಆಮೇಲೆ ಪ್ರತಿ ತಿಂಗಳ ಮೊದಲ ಆದಿತ್ಯವಾರ ಕೆಳಗಿಳಿದು ಬಂದು ಅದನ್ನು ಇಸಿದುಕೊಳ್ಳುವುದು, ಮೇಲೆ ಹೋಗಿ ಬಾಗಿಲು ಹಾಕಿ ಅದರಿಂದಲೇ ತೆಗೆಯುವುದು, ಬೀಗಕ್ಕೆ ನನ್ನ ಮಷೀನಿನ ಎಣ್ಣೆ ಬಿಟ್ಟು ಕೀಲಿ ತಿರುಗಿ ಕೊಡುವುದು.

“ಏನವಾ, ಕೀಲಿ ಬಸುರಿ ಅದೇನು, ತಿಂಗಳಾ ತಪಾಸ ಮಾಡ್ತಿ?” ಅಂತ ಚೇಷ್ಟೆ ಮಾಡುತ್ತಿದ್ದೆ.

“ಇಟ್ರ ಆಯ್ತೇನ್ರಿ ಆಯಿ? ಬೇಕಾದಾಗ ಬಾಗಲಾ ತೆಗಿಬೇಕಲ್ಲ. ದವಾಖಾನ್ಯಾಗೂ ಹಿಂಗೇ. ದಿನಾ ಎಲ್ಲಾದರ್ದೂ ನಕಲು ತೆಗೆದು ಬ್ಯಾರೆ ಕಡಿ ಇಡ್ತೇನಿ. ವಾರಕ್ಕೊಮ್ಮಿ ಆ ನಕಲು ಬಿಚ್ಚಿ ನೋಡ್ತೇನಿ. ಒಳಗ ಏನೂ ಇರಲಿಲ್ಲಂದ್ರ ಏನು ಮಾಡ್ಲಿ?”

ಹೀಗಿರುವಾಗ ನನ್ನ ಹತ್ತಿರವೇ ಬೆಳೆದ ಮೊಮ್ಮಗಳಿಗೆ ಭಾಲ್ಕಿಯಿಂದ ಸಂಬಂಧ ಬಂತು. ಹುಡುಗ ಎಲ್ಲರಿಗೂ ಹಿಡಿಸಿದ. ಮಾತು ಕೊಡುವ ಹಿಂದಿನ ದಿನ ನೆರೆಯವಳೊಬ್ಬಳು ಕಿವಿಯಲ್ಲಿ ಊದಿದಳು: ಆ ಹುಡುಗ ಹೋದ ವರ್ಷ ಎಂಟು ದಿನ ನಮ್ಮ ಮಾಳಿಗೆಯವಳ ದವಾಖಾನೆಯಲ್ಲೇ ಇದ್ದ, ಯಾತಕ್ಕೆ ಅಂತ ಯಾರಿಗೂ ಗೊತ್ತಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಹಾಕಿಕೊಂಡು ಮಾಳಿಗೆ ಹತ್ತಿದೆ.

“ಅಂವನ ಹೆಸರು ಒತ್ತಿದ್ರ ಬರ್ತದಲ್ಲ? ಜರಾ ನೋಡಿ ಹೇಳವಾ. ಯಾರ ಮುಂದೂ ಅನ್ನಂಗಿಲ್ಲ.”

“ಬರ್ತದ್ರಿ ಆಯಿ. ಬರ್ತದ ಅಂತಲೇ ನೋಡಂಗಿಲ್ಲ.” ತಟ್ಟೆ ಪಕ್ಕಕ್ಕೆ ಸರಿಸಿದಳು. “ಡಾಕ್ಟರಿಗಿ ಎಷ್ಟು ಕಾಣಬೇಕು, ಔಷಧಿ ಕೊಡಾವರಿಗಿ ಎಷ್ಟು ಕಾಣಬೇಕು, ಎಲ್ಲಾ ನಾನೇ ಗೊತ್ತು ಮಾಡ್ತೇನಿ. ಯಾರು ಯಾರದು ತೆಗೆದು ನೋಡಿದ್ರು ಅಂತ ಗುರ್ತೂ ಉಳಿತದ. ನಾನೇ ಕದ್ದು ನೋಡಿದ್ರ ಹ್ಯಾಂಗ್ರಿ?”

“ಹಂಗಾದ್ರ ಬ್ಯಾರೆ ಮನಿ ನೋಡ್ಕೊ!”

“ನೋಡ್ಕೋತೇನ್ರಿ. ಆದ್ರ ನನ್ನ ಕೀಲಿ ಇಷ್ಟು ದಿನದಿಂದ ನಿಮ್ಮ ಹತ್ರ ಅದ. ನಾ ಇಲ್ಲದಾಗ ಎಂದಾದ್ರೂ ತೆಗೆದೀರೇನು?”

“ನಾ ಯಾಕ ತೆಗಿಲಿ?” ಅಂದೆ.

ತೆಗೆದಿದ್ದೆ. ಅವಳು ಔರಾದಿಗೆ ಹೋಗಿದ್ದಾಗ ಒಮ್ಮೆ, ಸುಮ್ಮನೆ ಚಪಲಕ್ಕೆ. ದಿಂಬಿನ ಕೆಳಗೆ ಕೂಸಿನ ಉಣ್ಣೆ ಟೋಪಿಯೊಂದು ಇತ್ತು. ಕೂಸಿನ ಮಾತನ್ನು ಅವಳು ಎಂದೂ ಆಡಿರಲಿಲ್ಲ. ಬಿಚ್ಚಿ ನೋಡಿ, ಮಡಚಿ, ಇದ್ದಲ್ಲೇ ಇಟ್ಟು ಬಂದೆ. ಅಂದಿನಿಂದ ಅವಳ ಮುಖ ನೋಡಿದಾಗಲೆಲ್ಲ ಟೋಪಿಯೇ ಕಾಣುತ್ತಿತ್ತು. ಕೇಳುವ ಹಾಗಿಲ್ಲ, ಮರೆಯುವ ಹಾಗೂ ಇಲ್ಲ...

ನಮ್ಮ ಜಗಳ ಮೆಟ್ಟಿಲ ಮೇಲಿದ್ದ ಮೊಮ್ಮಗಳಿಗೆ ಕೇಳಿಸಿತ್ತು. “ಆಯಿ, ಅಂವನ ಮಾತು ಅಂವನಿಗೇ ಕೇಳ್ತೇನಿ” ಎಂದವಳೇ ನನ್ನೆದುರೇ ಫೋನು ಹಚ್ಚಿದಳು. ಆ ಕಡೆಯಿಂದ ಅವನು ಮುಚ್ಚಿಡದೆ ಎಲ್ಲ ಹೇಳಿದ. ಎರಡು ಸಲ ಮೂರ್ಛೆ ಬಂದಿತ್ತು, ಗುಳಿಗೆ ನಡೆದಿದೆ, ಹೇಳಬೇಡ ಅಂತ ಮನೆಯವರು ಬಾಯಿ ಕಟ್ಟಿದ್ದರು. ಮೊಮ್ಮಗಳು ಎರಡು ದಿನ ಯೋಚನೆ ಮಾಡಿ ಒಪ್ಪಿದಳು. ಈಗ ಭಾಲ್ಕಿಯಲ್ಲಿ ಗಂಡನನ್ನು ಚೆನ್ನಾಗಿಯೇ ಕುಣಿಸುತ್ತಿದ್ದಾಳೆ.

ಬೇರೆ ಮನೆ ನೋಡಬೇಡ ಅಂತ ಹೇಳಲು ನಾನು ಮತ್ತೆ ಮಾಳಿಗೆ ಹತ್ತಿದೆ. “ಎಲ್ಲಿ ಹೋಗ್ಲಿರಿ, ನಿಮ್ಮ ಪುಂಡಿಪಲ್ಯ ಬಿಟ್ಟು?” ಅಂತ ನಕ್ಕಳು. ಆಗಲೇ ನನ್ನ ತಪ್ಪು ಹೇಳಿಬಿಡಬೇಕಿತ್ತು. ಹೇಳದೆ ಕೆಳಗಿಳಿದು ಬಂದೆ.

ಕೆಲವು ವರ್ಷಗಳ ಮೇಲೆ ಅವಳಿಗೆ ಮೈಯಲ್ಲಿ ಆರಾಮ ತಪ್ಪಿತು. ಕೆಲಸ ಬಿಟ್ಟು ಔರಾದಿಗೆ ಹೊರಟಳು. ಪೆಟ್ಟಿಗೆ ಆಟೋದಲ್ಲಿಟ್ಟ ಮೇಲೆ ಕೀಲಿ ಕೊಡಲು ಹೋದೆ. ಅವಳು ನನ್ನ ಮುಷ್ಟಿ ಮುಚ್ಚಿದಳು.

“ನಿಮ್ಮ ಹತ್ರಾನೇ ಇರ್ಲಿ ಆಯಿ. ಆ ಟೋಪಿ ಎಷ್ಟು ಛಂದ ಮಡಚಿಟ್ಟಿದ್ರಿ! ನನಗ ಇನ್ನೂ ಹಂಗ ಮಡಚಲಿಕ್ಕ ಬರಂಗಿಲ್ಲ ನೋಡ್ರಿ.”

ಗೊತ್ತಿದ್ದೂ ಅಷ್ಟು ವರ್ಷ, ತಿಂಗಳಿಗೊಮ್ಮೆ ಬಂದು, ಕೀಲಿಯನ್ನು ಮತ್ತೆ ನನ್ನ ಕೈಗೇ ಇಡುತ್ತಿದ್ದಳಲ್ಲ...

ಅವಳು ತೀರಿಹೋದ ಸುದ್ದಿ ಹೋದ ಶ್ರಾವಣದಲ್ಲಿ ಬಂತು. ಮೇಲೆ ಈಗ ಬೇರೆಯವರಿದ್ದಾರೆ, ಅವರ ಬೀಗವೂ ಹೊಸದು. ನೀಲಿ ದಾರದ ಕೀಲಿ ಯಾವ ಬಾಗಿಲನ್ನೂ ತೆಗೆಯುವುದಿಲ್ಲ. ಆದರೂ ಅಡುಗೆ ಮನೆಯ ಮೊಳೆಗೇ ತೂಗುತ್ತಿದೆ. ಆದಿತ್ಯವಾರ ಮೆಟ್ಟಿಲ ಮೇಲೆ ಯಾರೋ ಇಳಿದು ಬರುವ ಸಪ್ಪಳವಾದರೆ ಈಗಲೂ ನನ್ನ ಕೈ ಆ ಮೊಳೆಯ ಕಡೆಗೇ ಹೋಗುತ್ತದೆ.