ನೂಲಿನ ಬಾಲ ಕಾಯುವ ರುಕ್ಮಣಿ

ಬೆಳಗಿನ ಐದೂಮುಕ್ಕಾಲು. ವೆಳ್ಳಕೋಯಿಲ್‌ನ ಕರೂರು ರಸ್ತೆ ಬದಿ, ತಗಡಿನ ಮಾಡಿನ ಬಸ್ ನಿಲ್ದಾಣದಲ್ಲಿ ರುಕ್ಮಣಿ ಖಾಲಿ ಟಿಫಿನ್ ಡಬ್ಬಿಯೊಂದನ್ನು ತೆರೆದಿಟ್ಟು ಕೂತಿದ್ದಾರೆ. ತಿರುಪ್ಪೂರಿನ ಬನಿಯನ್ ಕಂಪನಿಯ ಬಸ್ ಬರಲು ಇನ್ನೂ ಮುಕ್ಕಾಲು ಗಂಟೆ ಇದೆ. ಒಬ್ಬೊಬ್ಬರಾಗಿ ಬರುವ ಹೆಂಗಸರು ಕೊರಳ ದಾರದಲ್ಲಿ ತೂಗುವ ಪುಟ್ಟ ಕತ್ತರಿ ತೆಗೆದು ಡಬ್ಬಿಗೆ ಹಾಕುತ್ತಾರೆ. ಠಣ್, ಠಣ್.

"ಸರಣ್ಯಾ, ದುಪ್ಪಟ್ಟದೊಳಗೆ ಇನ್ನೊಂದು ಇಟ್ಕೊಂಡಿಲ್ಲ ತಾನೆ?"

"ಇಲ್ಲಕ್ಕಾ, ಬೇಕಿದ್ರೆ ತಡವಿ ನೋಡಿ!"

ಎಲ್ಲರ ಕತ್ತರಿ ಡಬ್ಬಿ ಸೇರಿದ ಮೇಲೆಯೇ ಪಾಠ ಶುರು. ಪಾಠ ಕ್ರೋಶಾದ್ದು, ಕೊಕ್ಕೆ ಕಡ್ಡಿಯ ಹೆಣಿಗೆಯದು.

ಕತ್ತರಿಯ ಮೇಲೆ ಯಾಕಿಷ್ಟು ಅನುಮಾನ ಅಂದರೆ, ಈ ಹೆಂಗಸರೆಲ್ಲ ಪಿಸಿರು ಕತ್ತರಿಸುವವರು. ಹೊಲಿದ ಬನಿಯನ್ನಿನ ಮೇಲೆ ಅಲ್ಲಲ್ಲಿ ಇಣುಕುವ ನೂಲಿನ ತುದಿಗಳಿಗೆ ಇಲ್ಲಿ ಪಿಸಿರು ಎನ್ನುತ್ತಾರೆ. ರುಕ್ಮಣಿಗೆ ಈಗ ಐವತ್ತಾರು, ಈ ಕೆಲಸಕ್ಕೆ ಮೂವತ್ತೊಂದು ವರ್ಷ. ದಿನಕ್ಕೆ ಆರುನೂರು ಬನಿಯನ್, ಒಂದೊಂದರಲ್ಲೂ ಹತ್ತು ತುದಿ. ಆರು ಸಾವಿರ ಸಲ ಮಡಚಿ ಬಿಚ್ಚುವ ಬೆರಳುಗಳನ್ನು ನೋಡುತ್ತಿದ್ದರೆ ಕಣ್ಣು ಸೋಲುತ್ತದೆ, ಅವರ ಕೈ ಸೋಲುವುದಿಲ್ಲ. ಆದರೆ ಕ್ರೋಶಾದಲ್ಲಿ ಕೊನೆಯ ನೂಲನ್ನು ಗೇಣುದ್ದ ಬಿಟ್ಟು, ಸೂಜಿಯಿಂದ ಒಳಗೆ ಅಡಗಿಸಬೇಕು. ಅದನ್ನು ಬುಡಕ್ಕೇ ಕತ್ತರಿಸಿದರೆ ಹೆಣೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ.

"ನೇತಾಡೋ ನೂಲು ಕಂಡ್ರೆ ನಮ್ ಕೈ ಸುಮ್ನಿರಲ್ಲ. ನಾವ್ ಕೇಳೋದೂ ಇಲ್ಲ, ಅದೇ ಹೋಗುತ್ತೆ," ಎಂದು ರುಕ್ಮಣಿ ನಗುತ್ತಾರೆ. "ಮೊದಲ ವಾರ ಏಳು ಇಡ್ಲಿ ಹಾಗೇ ಬಿಚ್ಕೊಂಡ್ವು. ಆಮೇಲೆ ಈ ಡಬ್ಬಿ ತಂದೆ."

ಇಡ್ಲಿ ಅಂದರೆ ಅವರ ಶಾಲೆಯ ಎರಡನೇ ಪಾಠ. ಮೊದಲಿಗೆ ಬನಿಯನ್ ಬಟ್ಟೆಯ ಚೂರನ್ನು ಉದ್ದಕ್ಕೆ ಸೀಳಿ, ಎಳೆದು, ಹಗ್ಗದಂತೆ ಸುರುಳಿಯಾದ ಆ ಪಟ್ಟಿಯಲ್ಲಿ ಬರಿ ಬೆರಳಿನಿಂದ ಸರಪಳಿ ಹೆಣೆಯಬೇಕು. ಅದು ನಿಲ್ದಾಣದ ಕಂಬಕ್ಕೆ ಒಂದು ಸುತ್ತು ಬಂದರೆ ಪಾಸು. ಮುಂದೆ ಬಿಳಿ ನೂಲಿನ ದುಂಡನೆಯ ಇಡ್ಲಿ, ಅದಕ್ಕೆ ಎರಡು ಕಣ್ಣು, ಒಂದು ನಗು. ಆಮೇಲೆ ಮೀನು. ಕುಣಿಕೆ ಹೆಚ್ಚಿಸಲು ಮರೆತ ಸರಣ್ಯಾಳ ಇಡ್ಲಿ ಅಂಚು ಮೇಲೆದ್ದು ಪಡ್ಡಿನ ಗುಳಿಯಂತೆ ಬಟ್ಟಲಾಗಿದೆ. "ಇದು ಇಡ್ಲಿ ಅಲ್ಲ ಅಮ್ಮಿಣಿ, ಪಣಿಯಾರ. ಚಟ್ನಿ ಹಾಕ್ಕೊಂಡು ತಿನ್ನು," ಎಂದು ಅವಳನ್ನು ಮುದ್ದಿನಿಂದ ರೇಗಿಸುತ್ತಾರೆ ಟೀಚರಮ್ಮ ರುಕ್ಮಣಿ. ನಿಲ್ದಾಣವೇ ನಗುತ್ತದೆ.

ಈ ಟೀಚರಮ್ಮನಿಗೆ ಕಲಿಸಿದವರು ಯಾರೂ ಇಲ್ಲ. ನೇಯ್ಗೆಯವರ ಮನೆ, ಮನೆಯೊಳಗೆ ಕನ್ನಡ, ಹೊರಗೆಲ್ಲ ತಮಿಳು. "ನಮ್ಮಪ್ಪನ ತರಿ ಮನೆ ತುಂಬ ಇತ್ತು, ನಾವು ಅದರ ಅಡಿಲೇ ಮಲಗ್ತಿದ್ವಿ," ಎಂದು ಮಗ್ಗದ ಆ ದಿನಗಳನ್ನು ನೆನೆಯುತ್ತಾರೆ. ಓದಿದ್ದು ತಮಿಳಿನಲ್ಲಿ ಐದನೇ ಕ್ಲಾಸು. ಹನ್ನೆರಡು ವರ್ಷದ ಹಿಂದೆ ಕಂಪನಿಯ ಕಸದಲ್ಲಿ ಕೈಹೆಣಿಗೆಯ ಮಗುವಿನ ಟೋಪಿಯೊಂದು ಸಿಕ್ಕಿತು. ಅದನ್ನು ಮನೆಗೆ ತಂದು ಒಂದೊಂದೇ ಕುಣಿಕೆ ಬಿಚ್ಚಿದರು, ಹೇಗೆ ಬಂತೋ ಹಾಗೇ ಮತ್ತೆ ಹೆಣೆದರು. ಬಿಚ್ಚಿದರು, ಹೆಣೆದರು. ಸೈಕಲ್ ಅಂಗಡಿಯ ಗಂಡ ಚೆನ್ನಕೇಶವನ್ ಹಳೇ ಚಕ್ರದ ಕಡ್ಡಿ ತುಂಡರಿಸಿ, ತುದಿಗೆ ಕೊಕ್ಕೆ ಉಜ್ಜಿ ಕೊಟ್ಟರು. ಆ ಟೋಪಿಯನ್ನು ನಲವತ್ತು ಸಲವಾದರೂ ಬಿಚ್ಚಿರಬೇಕು ಎನ್ನುತ್ತಾರೆ ರುಕ್ಮಣಿ. ಒಂದು ಚಿತ್ರ, ಒಂದು ಪುಸ್ತಕ ಇಲ್ಲದೆ! ಇವತ್ತಿಗೆ ಈ ಬೆಂಚಿನಲ್ಲಿ ಕಲಿತವರು ನಲವತ್ತಮೂರು ಮಂದಿ.

ನಲವತ್ತನಾಲ್ಕನೆಯವರು ಪಳನಿಯಮ್ಮ. ಕಂಪನಿಯಲ್ಲಿ ರುಕ್ಮಣಿಯ ಎದುರು ಮೇಜಿನವರು, ಪಿಸಿರು ಕತ್ತರಿಸುವುದರಲ್ಲಿ ಎಲ್ಲರಿಗಿಂತ ಚುರುಕು. ಹೋದ ಕಾರ್ತಿಕದಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕಾಲು ಸರಿಹೋಯಿತು, ಮಾತು ಮರಳಿತು, ಬೆರಳು ಮಾತ್ರ ಮಡಚಲಿಲ್ಲ. ಸೂಪರ್‌ವೈಸರ್ ಭೂಪತಿ ತಮಿಳು ಪಂಚಾಂಗದ ಆಡಿ ತಿಂಗಳು ಮುಗಿಯುವವರೆಗೆ ಅವರ ಜಾಗ ಖಾಲಿ ಇಟ್ಟಿರುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಕತ್ತರಿ ಹಿಡಿಯದಿದ್ದರೆ ಆ ಮೇಜು ಬೇರೆಯವರದು. ಇನ್ನು ಹನ್ನೆರಡು ದಿನ ಉಳಿದಿದೆ.

"ಡಾಕ್ಟ್ರು ರಬ್ಬರ್ ಚೆಂಡು ಹಿಸುಕು ಅಂದ್ರು," ಎನ್ನುತ್ತಾರೆ ಪಳನಿಯಮ್ಮ. "ಎಷ್ಟು ಅಂತ ಹಿಸುಕೋದು? ಹಿಸುಕಿದ್ರೆ ರಸ ಬರುತ್ತಾ? ಅಕ್ಕ ಈ ಕಡ್ಡಿ ಕೊಟ್ಟರು. ಇದರಲ್ಲಿ ಏನೋ ಒಂದು ಬರುತ್ತಲ್ಲ."

ಸೆಟೆದ ಬಲಗೈ ಬೆರಳಿನಿಂದಲೇ ಹೆಣೆದ ಸರಪಳಿಗೆ ಅವರಿಗೆ ಎರಡು ತಿಂಗಳು ಹಿಡಿಯಿತು. ಬೆರಳ ಸಂದಿಗೆ ಕಡ್ಡಿ ಸಿಕ್ಕಿಸಿಕೊಂಡು ಮಾಡಿದ ಇಡ್ಲಿಗೆ ಮೂರು. ಕೊರಳಲ್ಲಿ ಅವರ ಕತ್ತರಿ ಈಗಲೂ ತೂಗುತ್ತದೆ. ಅದನ್ನು ಮಾತ್ರ ರುಕ್ಮಣಿ ಡಬ್ಬಿಗೆ ಕೇಳುವುದಿಲ್ಲ. ಹಿಡಿಯಲಾಗದ ಕತ್ತರಿಯನ್ನು ಕೇಳಿ ನೋಯಿಸುವುದೇಕೆ?

ಇವತ್ತು ಪಳನಿಯಮ್ಮನ ಮೊದಲ ಮೀನು ಮುಗಿಯುತ್ತಿದೆ. ನೀಲಿ ಮೀನು, ಹೊಟ್ಟೆ ಸ್ವಲ್ಪ ಸೊಟ್ಟ. ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಕೆಳಗೆ ಗೇಣುದ್ದ ನೂಲು ನೇತಾಡುತ್ತಿದೆ. ರುಕ್ಮಣಿ ಸರಣ್ಯಾಳ ಕಡೆ ತಿರುಗಿದ್ದಾರೆ.

ಟಿಕ್.

ಕತ್ತರಿ ಕೊನೆಯ ಕುಣಿಕೆಯ ಬುಡಕ್ಕೇ ಬಿದ್ದಿದೆ. ಕೈ ತಗುಲಿದಂತೆ ಮೀನಿನ ಬಾಯಿ ಸಡಿಲವಾಗುತ್ತದೆ, ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತದೆ.

"ಐಯೋ ಅಕ್ಕಾ, ಮೀನು ಹೋಯ್ತು! ನಾನೇ ಕತ್ತರಿಸ್ಬಿಟ್ಟೆ!"

ರುಕ್ಮಣಿ ಮೀನನ್ನು ನೋಡುವುದಿಲ್ಲ. "ಯಾವ ಕೈಲಿ ಕತ್ತರಿಸಿದೆ, ಪಳನೀ?"

ಪಳನಿಯಮ್ಮ ತಮ್ಮ ಬಲಗೈಯನ್ನು ನೋಡುತ್ತಾರೆ. ಕತ್ತರಿ ಇನ್ನೂ ಬೆರಳುಗಳ ನಡುವೆಯೇ ಇದೆ, ಮುಚ್ಚಿಕೊಂಡು. ಅವರು ಮೆಲ್ಲಗೆ ಬೆರಳು ಬಿಡಿಸುತ್ತಾರೆ, ಮತ್ತೆ ಮಡಚುತ್ತಾರೆ. ಟಿಕ್. ಇನ್ನೊಮ್ಮೆ. ಟಿಕ್. ಸರಣ್ಯಾ ಬಾಯಿಗೆ ದುಪ್ಪಟ್ಟ ಒತ್ತಿಕೊಳ್ಳುತ್ತಾಳೆ.

ದೂರದಲ್ಲಿ ಕಂಪನಿ ಬಸ್ಸಿನ ಹಾರ್ನ್ ಕೇಳುತ್ತದೆ. ಹೆಂಗಸರು ಡಬ್ಬಿಯಿಂದ ತಮ್ಮ ತಮ್ಮ ಕತ್ತರಿ ಎತ್ತಿಕೊಂಡು ಹೊರಡುತ್ತಾರೆ. ಮೂವತ್ತೊಂದು ವರ್ಷ ಕಣ್ಣು ಮಿಟುಕಿಸದೆ ಕೆಲಸ ಮಾಡಿದ ರುಕ್ಮಣಿ ಕಣ್ಣೊರೆಸಿಕೊಂಡು, ಖಾಲಿ ಡಬ್ಬಿಯನ್ನು ಪಳನಿಯಮ್ಮನ ಮುಂದೆ ಚಾಚುತ್ತಾರೆ.

"ನಾಳೆಯಿಂದ ನಿನ್ನದೂ ಇದರಲ್ಲಿ ಹಾಕು. ಇನ್ನು ನಿನ್ನನ್ನ ನಂಬೋದಕ್ಕಾಗಲ್ಲ."