ಸೈಕಸ್‌ಗೆ ಗಂಡು ಹುಡುಕಿದ್ದು

ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಹಣ್ಣಿನೊಳಗೆ ಬೀಜ ಬಚ್ಚಿಡುವ ಗಿಡಗಳಿಗೆ ನಮ್ಮಲ್ಲಿ ಬರವಿಲ್ಲ. ಬದನೆಕಾಯಿ ಮಕ್ಕಳ ಊಟದ ಡಬ್ಬಿಯಲ್ಲೇ ಬರುತ್ತದೆ. ಹಣ್ಣಿನ ಹಂಗಿಲ್ಲದೆ ಬೀಜವನ್ನು ಬಯಲಿಗೇ ಬಿಡುವ ಗಿಡ ಇಡೀ ಕಾಲೇಜಿಗೆ ಒಂದೇ, ನಮ್ಮ ವಿಭಾಗದ ಮುಂದೆ ಈಚಲಿನಂತೆ ಗರಿ ಬಿಚ್ಚಿ ನಿಂತ ಸೈಕಸ್. ಅದು ಬೀಜ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ನಾನು ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೆ, ಮಕ್ಕಳು ನೋಡಿ ಬರೆದು ಪಾಸಾಗುತ್ತಿದ್ದರು.

ಹೋದ ವರ್ಷ ಅದರ ನೆತ್ತಿಯಲ್ಲಿ ಬೀಜ ಹೊರುವ, ಕಂದು ತುಪ್ಪಳದ ಹೆಣ್ಣೆಲೆಗಳು ಮೂಡಿದವು. ನನಗೆ ಹಿಗ್ಗೋ ಹಿಗ್ಗು. ಈ ಸಲ ಮಕ್ಕಳ ಕೈಗೆ ಬೀಜವನ್ನೇ ಕೊಡಬೇಕು ಅಂದುಕೊಂಡೆ. ಆದರೆ ಸೈಕಸ್‌ನಲ್ಲಿ ಹೆಣ್ಣು ಗಿಡ ಬೇರೆ, ಗಂಡು ಗಿಡ ಬೇರೆ. ಗಂಡು ಸಿಕ್ಕಿದ್ದು ಹರಿಹರದಲ್ಲಿ, ಮಂಚ ಮಾಡುವ ಸಾಹೇಬರೊಬ್ಬರ ಅಂಗಳದಲ್ಲಿ. ಪರಾಗ ಕೇಳಿದ್ದಕ್ಕೆ ಅವರು ನಕ್ಕರು.

“ಗಂಡಿನ ಕಡೇರ ಮನೀಗೆ ಬಂದೀರಿ, ಬರೀ ಬಾಯಾಗ ಹೋಗಬ್ಯಾಡ್ರಿ ಮೇಡಂ. ಕೂಡ್ರಿ, ಚಾ ಕುಡೀರಿ.”

ಹಳದಿ ಪುಡಿಯ ಪೊಟ್ಟಣವನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಯಾವ ದೇವರ ಭಂಡಾರ ಎಂದು ಪಕ್ಕದಲ್ಲಿದ್ದಾಕೆ ಕೇಳಿದಳು. ಬಿಡಿಸಿ ಹೇಳುವ ವ್ಯವಧಾನವಿಲ್ಲದೆ ತಲೆಯಾಡಿಸಿದೆ, ಆಕೆ ಕೈಮುಗಿದಳು.

ಪುಡಿ ಉದುರಿಸಿದೆ, ಕಾದೆ. ಬೀಜಗಳು ದಪ್ಪಗಾಗಿ ಕೆಂಪಗೆ ತಿರುಗಿದವು. ಇನ್ನೇನು ತರಗತಿಗೆ ಒಯ್ಯಬೇಕು ಅನ್ನುವಾಗ ಕಾಲೇಜು ನೋಡಲು ಒಂದು ಸಮಿತಿ ಬಂತು. ಅವತ್ತು ಬೆಳಿಗ್ಗೆ ನಾನು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕ ಒರೆಸುತ್ತಿದ್ದೆ. ಹೊರಗೆ ಬಂದು ನೋಡಿದರೆ ಸೈಕಸ್ ಬೋಳಾಗಿ ನಿಂತಿತ್ತು. ಅದರ ಗರಿಗಳೆಲ್ಲ ಗೇಟಿನ ಕಮಾನಿನಲ್ಲಿದ್ದವು. ಬೀಜಗಳು ಹೆಣ್ಣೆಲೆಗಳ ಸಮೇತ ಜರಿ ರಿಬ್ಬನ್ ಕಟ್ಟಿಸಿಕೊಂಡು, ಸಮಿತಿಯ ಹಿರಿಯರ ಕೈಯಲ್ಲಿ ಬೊಕೆಯಾಗಿದ್ದವು.

ನಮ್ಮ ವಿಭಾಗದ ಮುಖ್ಯಸ್ಥರ ಮುಖ ಅರಳಿತ್ತು. “ಗುಲಾಬಿ ಎಲ್ಲಾರೂ ಕೊಡ್ತಾರ್ರಿ ಮೇಡಂ. ನಾವು ಬಾಟನಿಯೋರು, ಏನರ ವಿಶೇಷ ಬ್ಯಾಡೇನ್ರಿ?”

ಆದರೂ ನಾನು ಆಸೆ ಬಿಡಲಿಲ್ಲ. ಬೊಕೆಗಳ ಗತಿ ಗೊತ್ತಲ್ಲ, ಬಂದವರು ಹೋಗುವಾಗ ಮೇಜಿನ ಮೇಲೇ ಬಿಟ್ಟು ಹೋಗುತ್ತಾರೆ. ಲ್ಯಾಬಿಗೆ ಬಂದ ಹಿರಿಯರು, “ಬಯಲಲ್ಲಿ ಬೀಜ ಬಿಡುವ ಸಸ್ಯದ ಮಾದರಿ ಎಲ್ಲಿ?” ಎಂದು ಕೇಳಿದರು.

“ನಿಮ್ಮ ಕೈಯಲ್ಲೇ ಐತ್ರಿ ಸಾರ್,” ಅಂದೆ. ಬಾಯಿ ತಡೆಯಲಿಲ್ಲ.

ಅವರು ಬೊಕೆಯನ್ನು ತಿರುಗಿಸಿ ನೋಡಿದರು, ಒಂದು ಬೀಜವನ್ನು ಉಗುರಿನಿಂದ ಗೀರಿದರು. “ಅರೆ, ನಾನು ಪ್ಲಾಸ್ಟಿಕ್ ಅಂದುಕೊಂಡಿದ್ದೆ.”

ಆಮೇಲೆ ಅದನ್ನು ಒಂದು ಗಳಿಗೆಯೂ ಕೆಳಗಿಡಲಿಲ್ಲ. ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಮಲಗಿಸಿಕೊಂಡು ಹೋದರು.