ದಾರ ಬಂದ ದಿನ

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಅಂಗಿ ಹೊಲಿಯುವ ಕಾರ್ಖಾನೆಯ ಎರಡನೆಯ ಸಾಲಿಗೆ ಹನ್ನೊಂದು ವರ್ಷ ಮೇಲ್ವಿಚಾರಕಿಯಾಗಿದ್ದಳು. ಇಪ್ಪತ್ತಾರು ಯಂತ್ರ, ಇಪ್ಪತ್ತಾರು ಹೆಂಗಸರು. ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ಅವತ್ತು ಎಷ್ಟು ಅಂಗಿ ಮುಗಿಯಬೇಕೆಂದು ಬರೆಯುವವಳು ಅವಳೇ. ಬೆರಳುಗಳು ಸದಾ ಬೆಳ್ಳಗಿರುತ್ತಿದ್ದುದರಿಂದ ಸಾಲಿನವರು ಅವಳಿಗೆ ಸೀಮೆಸುಣ್ಣದಕ್ಕ ಎಂದು ಹೆಸರಿಟ್ಟಿದ್ದರು.

ಅಲ್ಲಿ ಸೂಜಿ ಮುರಿದರೆ ಅದರ ಚೂರುಗಳೆಲ್ಲ ಸಿಗುವ ತನಕ ಯಂತ್ರ ಓಡಿಸುವಂತಿಲ್ಲ. ಉಳಿದ ಸಾಲುಗಳಲ್ಲಿ ಮೊದಲು ಬೈಗುಳ, ಆಮೇಲೆ ಹುಡುಕಾಟ. ಅತ್ತೆ ಮಾತ್ರ ಸೆರಗು ಸಿಕ್ಕಿಸಿಕೊಂಡು ತಾನೇ ನೆಲದ ಮೇಲೆ ಮೊಣಕಾಲೂರುತ್ತಿದ್ದಳು. ಅವಳ ಮಾತು ನಡೆಯುತ್ತಿದ್ದುದು ಅದಕ್ಕೇ ಇರಬೇಕು.

ಆ ವರ್ಷ ಆರ್ಡರುಗಳು ಒಣಗತೊಡಗಿದವು. ಹಲಗೆಯ ಮೇಲಿನ ಎಂಟುನೂರು ಐನೂರಾಗಿ, ಕೊನೆಗೆ ನೂರೆಂಬತ್ತಕ್ಕೆ ಇಳಿಯಿತು. ಹೆಂಗಸರು ಹಲಗೆ ಬಿಟ್ಟು ಅವಳ ಮುಖ ನೋಡತೊಡಗಿದರು. ಮ್ಯಾನೇಜರ್ ಅವಳನ್ನು ಒಳಗೆ ಕರೆದ.

"ನಿಮ್ಮ ಮುಖ ನೋಡ್ಕೊಂಡೇ ಅವರು ಕೂತಿರೋದು. ಗಾಬರಿ ಬೀಳಿಸ್ಬೇಡಿ."

"ನಿಜ ಏನು ಅಂತ ನನಗಾದ್ರೂ ಹೇಳಿ ಸಾರ್."

"ನಿಜ ಗೊತ್ತಿದ್ರೆ ನಾನ್ಯಾಕಮ್ಮ ಫ್ಯಾನ್ ಕೆಳಗೆ ಕೂತು ಬೆವರ್ತಿದ್ದೆ?"

ಅವಳು ಹೊರಗೆ ಬಂದು ಮುಖ ಒರೆಸಿಕೊಂಡು ಸಾಲಿನ ಕಡೆ ನಡೆದಳು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಕಾಲರ್ ಕೂರಿಸುವವಳು ಡಬ್ಬಿ ಹಿಡಿದು ಪಕ್ಕಕ್ಕೆ ಬಂದಳು. ಸಾಲಿನಲ್ಲೇ ಚುರುಕಾದ ಕೈ ಅವಳದು.

"ಅಕ್ಕಾ, ಬೇರೆ ಫ್ಯಾಕ್ಟರಿಯವ್ರು ಕರೀತಿದಾರೆ. ನನ್ ಜೊತೆ ಇನ್ನೈದು ಜನಾನೂ ತಗೋತಾರಂತೆ. ಇವತ್ತು ಸಂಜೆಯೊಳಗೆ ಹೇಳ್ಬೇಕು. ನೀವು ಹೋಗು ಅಂದ್ರೆ ಹೋಗ್ತೀನಿ, ಇರು ಅಂದ್ರೆ ಇರ್ತೀನಿ."

ಗುಂಡಿ ಹಾಕುವವಳು ಆಚೆಯಿಂದ ಕೂಗಿದಳು: "ಮದುವೆಗೂ ಅಕ್ಕನ್ನೇ ಕೇಳಿದ್ಲು. ಈಗ ಗಂಡನ ಗೊರಕೆಗೂ ಅಕ್ಕನೇ ಹೊಣೆ ಅಂತಾಳೆ!"

ಎಲ್ಲರೂ ನಕ್ಕರು. ಅಷ್ಟರಲ್ಲಿ ಉಗ್ರಾಣದ ಕಡೆಗೆ ಒಂದು ತಳ್ಳುಗಾಡಿ ಹೋಯಿತು. ಅದರಲ್ಲಿ ದಾರದ ಒಂಬತ್ತು ರಟ್ಟಿನ ಪೆಟ್ಟಿಗೆಗಳು.

ಆ ಕಾರ್ಖಾನೆಯಲ್ಲಿ ಹೊಸ ಆರ್ಡರಿಗೆ ಮೊದಲು ಬರುವುದು ದಾರ. ಬಟ್ಟೆಯ ಬಣ್ಣಕ್ಕೆ ಒಪ್ಪುವ ದಾರ ಬಂದಿಳಿದ ವಾರದೊಳಗೆ ಬಟ್ಟೆಯೂ ಬರುತ್ತದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇದು ತಪ್ಪಿರಲಿಲ್ಲ.

"ನೋಡಿದ್ಯೇನೇ?" ಅತ್ತೆಯ ದನಿಯಲ್ಲಿ ಬಹಳ ದಿನಗಳ ಮೇಲೆ ಜೀವ ಬಂದಿತ್ತು. "ದಾರ ಬಂತು. ಎಲ್ಲಿಗೂ ಹೋಗ್ಬೇಡ, ಸುಮ್ನೆ ಇರು."

ಕಾಲರಿನವಳು ಅಲ್ಲಿಂದಲೇ ಫೋನ್ ಮಾಡಿ ಬರುವುದಿಲ್ಲವೆಂದಳು. ಆ ಮಧ್ಯಾಹ್ನ ಯಂತ್ರಗಳ ಸದ್ದಿಗೆ ಬೇರೆಯೇ ಓಟವಿತ್ತು.

ವಾರ ಕಳೆಯಿತು. ಬಟ್ಟೆ ಬರಲಿಲ್ಲ. ಎಂಟನೆಯ ದಿನ ಅತ್ತೆ ಉಗ್ರಾಣಕ್ಕೆ ಹೋಗಿ ತಾನೇ ಒಂದು ಪೆಟ್ಟಿಗೆಯ ಅಂಟುಪಟ್ಟಿ ಕಿತ್ತಳು. ಒಳಗಿದ್ದವೆಲ್ಲ ಅರ್ಧಂಬರ್ಧ ದಾರ ಉಳಿದ ಕೋನ್ ಉರುಳೆಗಳು. ಕೆಂಪು, ಬೂದು, ಹಳದಿ. ಕೆಲವುಗಳ ತಳದಲ್ಲಿ ಯಾರೋ ಪೆನ್ನಿನಲ್ಲಿ ತಮ್ಮ ಯಂತ್ರದ ಸಂಖ್ಯೆ ಬರೆದುಕೊಂಡಿದ್ದರು. ಇದೇ ಮಾಲೀಕರ ಇನ್ನೊಂದು ಕಾರ್ಖಾನೆ ಮುಚ್ಚಿತ್ತು. ಅಲ್ಲಿ ಮಿಕ್ಕಿದ್ದನ್ನು ಇಲ್ಲಿ ತಂದು ಇಟ್ಟಿದ್ದರು, ಅಷ್ಟೇ.

ಅವಳು ವಾಪಸು ಬಂದಾಗ ಕಾಲರಿನವಳು ಯಂತ್ರ ನಿಲ್ಲಿಸಿ ಕೇಳಿದಳು: "ಯಾವ ಬಣ್ಣ ಅಕ್ಕಾ?"

"ಎಲ್ಲಾ ಬಣ್ಣಾನೂ ಇದೆ ಕಣೇ."

ಒಂದು ಆರ್ಡರಿಗೆ ಎಲ್ಲಾ ಬಣ್ಣದ ದಾರ ಬರುವುದಿಲ್ಲ. ಇಪ್ಪತ್ತಾರು ಹೆಂಗಸರಿಗೂ ಅದು ಗೊತ್ತಿತ್ತು. ಬಿಡಿಸಿ ಹೇಳುವ ಕಷ್ಟ ಅತ್ತೆಗೆ ಬರಲಿಲ್ಲ. ಸಂಜೆ ಅತ್ತೆಯೇ ಕಾಲರಿನವಳನ್ನು ಕರೆದಿದ್ದ ಕಾರ್ಖಾನೆಗೆ ಫೋನ್ ಮಾಡಿ ಬೇಡಿಕೊಂಡಳು. ಆರೂ ಜಾಗ ಭರ್ತಿಯಾಗಿದ್ದವು.

ತಿಂಗಳ ಕೊನೆಗೆ ಕಾರ್ಖಾನೆಗೆ ಬೀಗ ಬಿತ್ತು.

ಈಗಲೂ ಅವರಿಬ್ಬರು ರಸ್ತೆಯಲ್ಲಿ ಎದುರಾಗುವುದುಂಟು. ಕಾಲರಿನವಳು ನಿಂತು, ಅಕ್ಕಾ ಎಂದು ಮೊದಲಿನ ಹಾಗೆಯೇ ಮಾತಾಡಿಸುತ್ತಾಳೆ. ಆದರೆ ಏನನ್ನೂ ಕೇಳುವುದಿಲ್ಲ.